ಕೀಹೋಲ್ ಚಿಕ್ಕದು, ಕ್ಯಾಥೆಟರ್ ಕಾಯಂ: ಮಕ್ಕಳ ಮೂತ್ರಕೋಶ ಖಾಲಿ ಮಾಡುವ ಆಪರೇಷನ್‌ಗಳ ಒಳಲೆಕ್ಕ

ಆರು ವರ್ಷದ ಮಗುವಿನ ಮೂತ್ರಕೋಶ ಎಷ್ಟು ಹಿಡಿಯಬೇಕು? ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿದರೆ 240 ಎಂ.ಎಲ್. ಹೆಚ್ಚುಕಮ್ಮಿ ಒಂದು ದೊಡ್ಡ ಲೋಟ. ಆ ಲೋಟ ತುಂಬುತ್ತಾ ಹೋದಂತೆ ಒಳಗಿನ ಒತ್ತಡ ಏರಬಾರದು. ತುಂಬಿದ ಮೇಲೆ ತಳದವರೆಗೂ ಖಾಲಿಯಾಗಬೇಕು. ಇವೆರಡರಲ್ಲಿ ಯಾವುದು ಕೈಕೊಟ್ಟರೂ ಕೊನೆಗೆ ಪೆಟ್ಟು ತಿನ್ನುವುದು ಕಿಡ್ನಿ.

ಇಂಥ ಮಗುವಿಗೆ ಆಪರೇಷನ್ ಬೇಕಾಗಬಹುದು ಅಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, "ಕೀಹೋಲಲ್ಲಿ ಆಗುತ್ತಾ ಡಾಕ್ಟ್ರೇ?" ಈಚೆಗೆ ಅದರ ಬೆನ್ನಿಗೇ "ರೋಬೋಟ್ ಬಂದಿದೆಯಂತಲ್ಲ" ಅನ್ನುವುದೂ ಸೇರಿಕೊಂಡಿದೆ. ಪ್ರಶ್ನೆಯಲ್ಲಿ ತಪ್ಪಿಲ್ಲ, ಸರದಿ ತಪ್ಪಿದೆ. ಮೊದಲು ಕೇಳಬೇಕಾದದ್ದು ಮೂತ್ರಕೋಶದ ಒತ್ತಡ ಎಷ್ಟಿದೆ ಎಂದು. ಆಮೇಲೆ, ಆಪರೇಷನ್ ಆದ ಮೇಲೂ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ನಳಿಕೆ) ಹಾಕಬೇಕೇ, ಹಾಕುವವರು ಯಾರು ಎಂದು. ಹೊಟ್ಟೆಯ ಮೇಲಿನ ಗಾಯದ ಉದ್ದ ಆಮೇಲಿನ ಮಾತು.

ಏಕೆಂದರೆ ಈ ಕ್ಷೇತ್ರದಲ್ಲಿ ಹೊರಗಿನ ಗಾಯಕ್ಕೂ ಒಳಗಿನ ಕೆಲಸಕ್ಕೂ ತಾಳೆಯಿಲ್ಲ. ಗಾಯವೇ ಇಲ್ಲದ ಚಿಕಿತ್ಸೆ ಹತ್ತಾರು ವರ್ಷ ಕಿಡ್ನಿ ಕಾಯಬಲ್ಲದು. ಮೂರು ನಾಲ್ಕು ಸಣ್ಣ ತೂತಿನಲ್ಲಿ ಮುಗಿದ ಆಪರೇಷನ್ ಇಡೀ ಜೀವನಕ್ಕೆ ಹೊಸ ಹೊಣೆ ಹೊರಿಸಬಲ್ಲದು.

ಖಾಲಿಯಾಗದಿರುವುದು ಯಾಕೆ

ದೊಡ್ಡ ಪಾಲು ಬೆನ್ನುಹುರಿಯದು. ಸ್ಪೈನಾ ಬೈಫಿಡಾ, ಅಂದರೆ ಗರ್ಭದಲ್ಲೇ ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚದೆ ಹುಟ್ಟಿದ ಮಕ್ಕಳಲ್ಲಿ ಮೂತ್ರಕೋಶಕ್ಕೆ ಹೋಗುವ ನರಗಳು ಅರೆಬರೆ ಕೆಲಸ ಮಾಡುತ್ತವೆ. (ಆ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ 28 ದಿನದೊಳಗೆ, ಎಷ್ಟೋ ಹೆಂಗಸರಿಗೆ ಬಸುರಿ ಎಂದು ಗೊತ್ತಾಗುವ ಮೊದಲೇ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಬಸಿರಿಗೆ ಮುಂಚಿನಿಂದಲೇ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ.) ಬೆನ್ನಿನ ಕೆಳತುದಿಯ ಎಲುಬು ಬೆಳೆಯದ ಮಕ್ಕಳು, ಗುದದ್ವಾರದ ದೋಷದೊಡನೆ ಹುಟ್ಟಿದವರು, ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದವರು ಇದೇ ಸಾಲಿಗೆ ಸೇರುತ್ತಾರೆ.

ಇವರಲ್ಲಿ ಅಪಾಯಕಾರಿ ಜೋಡಿ ಒಂದಿದೆ. ಮೂತ್ರಕೋಶದ ಸ್ನಾಯು ಹಿಂಡುವ ಹೊತ್ತಿಗೇ ಬಾಯಿಯ ಬಿಗಿಸ್ನಾಯು ಸಡಿಲವಾಗದೆ ಇನ್ನಷ್ಟು ಬಿಗಿಯುತ್ತದೆ. ಬಾಗಿಲು ಹಾಕಿಕೊಂಡು ಒಳಗಿಂದ ನೂಕಿದ ಹಾಗೆ. ಗೋಡೆ ದಪ್ಪವಾಗುತ್ತದೆ, ಒತ್ತಡ ಏರುತ್ತದೆ, ಮೂತ್ರ ಕಿಡ್ನಿಯ ಕಡೆಗೆ ಹಿಮ್ಮುಖವಾಗುತ್ತದೆ. ಸೋರಿಕೆ ಶುರುವಾಗುವ ಕ್ಷಣದಲ್ಲಿ ಒತ್ತಡ 40 ಸೆಂ.ಮೀ. ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಕಿಡ್ನಿಗೂ ಅದರ ನಾಳಕ್ಕೂ ಹಾನಿಯ ಅಪಾಯ ಬಹಳ ಹೆಚ್ಚು ಎಂಬ ಗೆರೆಯನ್ನು 1981ರಲ್ಲಿ ಇಂಥ ಮಕ್ಕಳನ್ನು ನೋಡಿಯೇ ಎಳೆದರು. ಇಂದಿಗೂ ಆ ಸಂಖ್ಯೆಯನ್ನು ಎಲ್ಲರೂ ಕಣ್ಣಮುಂದೆ ಇಟ್ಟುಕೊಳ್ಳುತ್ತಾರೆ. ಹೊರಗಿಂದ ನೋಡಿದರೆ ವಿಚಿತ್ರವೆನಿಸಬಹುದು: ಸದಾ ಸೋರುತ್ತಾ ಚಡ್ಡಿ ಒದ್ದೆಯಾಗಿರುವ ಮಗುವಿನ ಕಿಡ್ನಿ ಕೆಲವೊಮ್ಮೆ ಚೆನ್ನಾಗಿರುತ್ತದೆ, ತಾಸುಗಟ್ಟಲೆ ಒಣಗಿಯೇ ಇರುವ ಮಗುವಿನದು ಸದ್ದಿಲ್ಲದೆ ಹಾಳಾಗುತ್ತಿರುತ್ತದೆ.

ಈ ಒತ್ತಡ ಅಳೆಯುವ ಪರೀಕ್ಷೆಯೇ ಯೂರೋಡೈನಮಿಕ್ಸ್. ಮೂತ್ರಕೋಶಕ್ಕೊಂದು, ಗುದದ್ವಾರಕ್ಕೊಂದು ತೆಳು ನಳಿಕೆ ಇಟ್ಟು, ನಿಮಿಷಕ್ಕೆ ಆ ವಯಸ್ಸಿನ ಸಾಮರ್ಥ್ಯದ ಶೇ. 5ರಿಂದ 10ರಷ್ಟು ಸಲೈನ್ ತುಂಬುತ್ತಾ ಗ್ರಾಫ್ ನೋಡುವುದು. ತರಾತುರಿಯಲ್ಲಿ ತುಂಬಿದರೆ ಸರಿಯಿರುವ ಮೂತ್ರಕೋಶವೂ ಕೆಟ್ಟದ್ದಾಗಿ ಕಾಣುತ್ತದೆ. ಈ ಗ್ರಾಫ್ ಇಲ್ಲದೆ ಆಪರೇಷನ್ ಡೇಟ್ ಕೊಟ್ಟರೆ ಎರಡನೇ ಅಭಿಪ್ರಾಯ ಕೇಳುವುದೇ ಒಳ್ಳೆಯದು.

ಇನ್ನೊಂದು ಗುಂಪು, ನರ ಸರಿಯಿದ್ದೂ ತಡೆಹಿಡಿದು ಹಿಡಿದು ಕೆಟ್ಟ ರೂಢಿಗೆ ಬಿದ್ದ ಶಾಲಾ ಮಕ್ಕಳದ್ದು. ಇವರಲ್ಲಿ ಬಹಳ ಸಲ ಮಲಬದ್ಧತೆಯೇ ಮೂಲ. ಗಟ್ಟಿ ಮಲ ತುಂಬಿದ ದೊಡ್ಡ ಕರುಳು ಮೂತ್ರಕೋಶವನ್ನು ಒತ್ತುತ್ತಿರುತ್ತದೆ. ಇವರಿಗೆ ಚಾಕು ಬೇಡ.

ಗಾಯವಿಲ್ಲದ ದಾರಿಯೇ ಮೊದಲು

1972ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಆಗಿನ ಕಾಲಕ್ಕೆ ದುಡುಕು ಎನಿಸುವಂಥ ಮಾತು ಹೇಳಿದರು: ಕ್ಯಾಥೆಟರ್ ಹಾಕಲು ಆಪರೇಷನ್ ಥಿಯೇಟರಿನ ಶುದ್ಧತೆ ಬೇಕಿಲ್ಲ, ಸೋಪಿನಲ್ಲಿ ತೊಳೆದ ಕೈ ಸಾಕು, ಸೋಂಕು ತರುವುದು ಖಾಲಿಯಾಗದೆ ಹಿಗ್ಗಿ ನಿಂತ ಮೂತ್ರಕೋಶ. ಅಂದಿನಿಂದ ಸಿ.ಐ.ಸಿ., ಅಂದರೆ ಹೊತ್ತು ಹೊತ್ತಿಗೆ ಕ್ಯಾಥೆಟರ್ ಹಾಕಿ ಖಾಲಿ ಮಾಡಿ ತೆಗೆಯುವುದು, ಈ ಚಿಕಿತ್ಸೆಯ ಬೆನ್ನೆಲುಬು. ಮುಂದೆ ಬರುವ ಆಪರೇಷನ್‌ಗಳಲ್ಲಿ ಹೆಚ್ಚಿನವು ಇದನ್ನು ಸುಲಭ ಮಾಡಲು ಇವೆ, ತಪ್ಪಿಸಲು ಅಲ್ಲ.

ಹಸುಗೂಸಿಗೆ 5 ಅಥವಾ 6 ಫ್ರೆಂಚ್ ಅಳತೆಯ ಫೀಡಿಂಗ್ ಟ್ಯೂಬ್, ಶಾಲೆಗೆ ಹೋಗುವ ಮಗುವಿಗೆ 8ರಿಂದ 10, ದೊಡ್ಡವರಿಗೆ 12. (3 ಫ್ರೆಂಚ್ ಅಂದರೆ 1 ಮಿ.ಮೀ.) ಹಗಲು 3–4 ಗಂಟೆಗೊಮ್ಮೆ. ಹುಡುಗನಿಗಾದರೆ ಶಿಶ್ನವನ್ನು ಹೊಟ್ಟೆಯ ಕಡೆಗೆ ನೆಟ್ಟಗೆ ಎತ್ತಿ ಹಿಡಿದು, ಜೆಲ್ಲಿ ಹಚ್ಚಿದ ನಳಿಕೆಯನ್ನು ನಿಧಾನವಾಗಿ ತಳ್ಳಬೇಕು. ಬಿಗಿಸ್ನಾಯುವಿನ ಹತ್ತಿರ ತಡೆದರೆ ಅಲ್ಲೇ ನಿಂತು, ಮಗು ಉಸಿರು ಬಿಟ್ಟಾಗ ಮುಂದುವರಿಸಬೇಕು. ಹುಡುಗಿಗೆ ಮೂತ್ರದ ದಾರಿ ಎರಡು ಮೂರು ಸೆಂ.ಮೀ. ಅಷ್ಟೆ, ಮೊದಮೊದಲು ಕನ್ನಡಿ ಬೇಕು. ಮೂತ್ರ ಬಂದ ಮೇಲೆ ಇನ್ನೊಂದೆರಡು ಸೆಂ.ಮೀ. ಒಳಗೆ ಬಿಟ್ಟು, ಹರಿವು ನಿಂತಾಗ ನಿಧಾನವಾಗಿ ಹೊರತೆಗೆಯುವುದು. ಸರ್ರನೆ ಎಳೆದುಬಿಟ್ಟರೆ ತಳದಲ್ಲಿ ಉಳಿದ 20–30 ಎಂ.ಎಲ್. ಹಾಗೇ ಉಳಿಯುತ್ತದೆ, ಸೋಂಕು ಅಲ್ಲಿಂದ ಶುರು.

ಮನೆಯವರು ಹೆಚ್ಚಾಗಿ ಎಡವುವುದು ಮೂತ್ರ ಪರೀಕ್ಷೆಯ ರಿಪೋರ್ಟಿನಲ್ಲಿ. ಕ್ಯಾಥೆಟರ್ ಹಾಕುವ ಮಗುವಿನ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಾಣುವುದು ಮಾಮೂಲು. ಜ್ವರ, ಹೊಟ್ಟೆನೋವು, ಹೊಸದಾಗಿ ಸೋರಿಕೆ ಇಲ್ಲದಿದ್ದರೆ ಅದಕ್ಕೆ ಆಂಟಿಬಯಾಟಿಕ್ ಕೊಡಬಾರದು. ಪ್ರತಿ ರಿಪೋರ್ಟಿಗೂ ಔಷಧ ಕೊಡುತ್ತಾ ಹೋದರೆ ನಿಜವಾದ ಸೋಂಕು ಬಂದ ದಿನ ಕೆಲಸ ಮಾಡುವ ಔಷಧ ಉಳಿದಿರುವುದಿಲ್ಲ.

ಒತ್ತಡ ಇಳಿಸಲು ಆಕ್ಸಿಬ್ಯುಟಿನಿನ್ ಎಂಬ ಔಷಧ ಸೇರಿಸುತ್ತಾರೆ, ಒಂದು ಸಲಕ್ಕೆ ಕೆ.ಜಿ.ಗೆ 0.2 ಮಿ.ಗ್ರಾಂ ಆಸುಪಾಸಿನಲ್ಲಿ, ದಿನಕ್ಕೆ ಎರಡು ಮೂರು ಸಲ. ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ, ಬೆವರು ಕಮ್ಮಿಯಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಆಡುವ ಮಗುವಿಗೆ ಈ ಮೂರನೆಯದು ಸಣ್ಣ ವಿಷಯವಲ್ಲ. ಮೈ ಸುಡುವುದನ್ನು ಸೋಂಕಿನ ಜ್ವರ ಎಂದುಕೊಂಡು ಆಸ್ಪತ್ರೆಗೆ ಓಡುವುದುಂಟು.

ಮೂತ್ರದ ದಾರಿಯಿಂದಲೇ ಆಗುವ ಕೆಲಸ

ನಿಜಕ್ಕೂ ಗಾಯ ಕಾಣದ ಆಪರೇಷನ್ ಬೇಕೆಂದರೆ ಅದು ಮೂತ್ರದ ದಾರಿಯಿಂದಲೇ ಒಳಹೋಗುವ ಕ್ಯಾಮೆರಾ ನಳಿಕೆ ಸಿಸ್ಟೋಸ್ಕೋಪ್‌ನದು. ಗಂಡುಮಕ್ಕಳಲ್ಲಿ ಮಾತ್ರ ಕಾಣುವ, ಮೂತ್ರದ ದಾರಿಯಲ್ಲಿ ಅಡ್ಡವಾಗಿ ಬೆಳೆದ ತೆಳುಪರದೆಗೆ ವಾಲ್ವ್ ಎನ್ನುತ್ತಾರೆ. ಬಸಿರಿನ ಸ್ಕ್ಯಾನ್‌ನಲ್ಲೇ ಎರಡೂ ಕಿಡ್ನಿ ಊದಿರುವುದು, ದಪ್ಪ ಗೋಡೆಯ ಮೂತ್ರಕೋಶ ಕಾಣಿಸಬಹುದು. ಹುಟ್ಟಿದ ಮೇಲೆ ಮೊದಲು ಬಲೂನಿಲ್ಲದ ಫೀಡಿಂಗ್ ಟ್ಯೂಬ್ ಹಾಕುತ್ತಾರೆ. ಬಲೂನ್ ಇರುವ ಫೋಲಿ ಕ್ಯಾಥೆಟರ್ ಹಾಕಿದರೆ ಆ ಪುಟ್ಟ ದಪ್ಪ ಮೂತ್ರಕೋಶ ಬಲೂನನ್ನೇ ಹಿಂಡುತ್ತದೆ, ಕಿಡ್ನಿಯಿಂದ ಬರುವ ನಾಳದ ಬಾಯಿ ಮುಚ್ಚಿಹೋಗಬಹುದು. ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆ) ಇಳಿದು ಸ್ಥಿರವಾದ ಮೇಲೆ, ಪೆನ್ಸಿಲ್‌ಗಿಂತ ಬಹಳ ಸಣ್ಣದಾದ ಸ್ಕೋಪ್ ತೂರಿಸಿ, ಗಡಿಯಾರದ 5 ಮತ್ತು 7 ಗಂಟೆಯ ಜಾಗದಲ್ಲಿ, ಕೆಲವರು 12ರಲ್ಲೂ, ಪರದೆಯನ್ನು ಕತ್ತರಿಸುತ್ತಾರೆ. ಇಡೀ ಪರದೆ ತೆಗೆಯುವ ಹುಮ್ಮಸ್ಸು ಬೇಡ. ಆಳಕ್ಕೆ ಹೋದರೆ ಆಮೇಲೆ ಅಲ್ಲೇ ಕಿರಿದಾಗುತ್ತದೆ, ಬಿಗಿಸ್ನಾಯುವಿಗೂ ಪೆಟ್ಟು.

ಮಗು ಮರುದಿನ ಧಾರೆಯಾಗಿ ಉಚ್ಚೆ ಹೊಯ್ದಿದ್ದು ನೋಡಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ತೊಂದರೆ ಇರುವುದು ಇಲ್ಲೇ. ಗರ್ಭದಲ್ಲೇ ತಿಂಗಳುಗಟ್ಟಲೆ ಒತ್ತಡಕ್ಕೆ ಒಗ್ಗಿದ ಮೂತ್ರಕೋಶ ಪರದೆ ಹೋದ ಕೂಡಲೇ ಮೆತ್ತಗಾಗುವುದಿಲ್ಲ. ಕಿಡ್ನಿ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಕಳೆದುಕೊಂಡಿದ್ದರೆ ದಿನಕ್ಕೆ ಲೀಟರುಗಟ್ಟಲೆ ನೀರುನೀರು ಮೂತ್ರ ಬರುತ್ತದೆ, ರಾತ್ರಿಯಿಡೀ ಮೂತ್ರಕೋಶ ತುಂಬಿಯೇ ಇರುತ್ತದೆ. ಇಂಥ ಹುಡುಗರಲ್ಲಿ ಕೆಲವರಿಗೆ ಹತ್ತು ಹನ್ನೆರಡನೇ ವಯಸ್ಸಿಗೆ ಸಿ.ಐ.ಸಿ. ಬೇಕಾಗುತ್ತದೆ. "ಹುಟ್ಟಿದಾಗಲೇ ಆಪರೇಷನ್ ಆಗಿದೆ, ಗುಣವಾಗಿದೆ" ಎಂದು ಫಾಲೋಅಪ್ ಬಿಟ್ಟವರು ಕಿಡ್ನಿ ಸೋತ ಮೇಲೆ ಬರುತ್ತಾರೆ.

ಸ್ಕೋಪ್‌ನ ಇನ್ನೊಂದು ಕೆಲಸ ಬೊಟಾಕ್ಸ್, ಅಂದರೆ ಸ್ನಾಯು ಸಡಿಲಿಸುವ ಚುಚ್ಚುಮದ್ದು. ನರದೋಷದ ಮೂತ್ರಕೋಶಕ್ಕೆ 5 ವರ್ಷ ಮೇಲ್ಪಟ್ಟ ಮಕ್ಕಳಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2021ರಲ್ಲಿ ಒಪ್ಪಿಗೆ ಕೊಟ್ಟಿತು. ತೂಕ 34 ಕೆ.ಜಿ. ಅಥವಾ ಹೆಚ್ಚಿದ್ದರೆ 200 ಯೂನಿಟ್, ಕಮ್ಮಿಯಿದ್ದರೆ ಕೆ.ಜಿ.ಗೆ 6 ಯೂನಿಟ್. ಒಟ್ಟು 10 ಎಂ.ಎಲ್. ಮಾಡಿಕೊಂಡು, ಒಳಗೋಡೆಯ 20 ಜಾಗದಲ್ಲಿ ತಲಾ ಅರ್ಧ ಎಂ.ಎಲ್. ಚುಚ್ಚುತ್ತಾರೆ. ಗುಣ ಸುಮಾರು ಆರು ತಿಂಗಳು. 12 ವಾರಕ್ಕೆ ಮುಂಚೆ ಮತ್ತೆ ಕೊಡುವಂತಿಲ್ಲ. ಇದು ಖಾಲಿ ಮಾಡಿಸುವ ಔಷಧವಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಮೂತ್ರಕೋಶವನ್ನು ಇನ್ನಷ್ಟು ಸುಮ್ಮನಾಗಿಸುತ್ತದೆ, ಖಾಲಿ ಮಾಡುವುದು ಕ್ಯಾಥೆಟರ್. ಗೋಡೆ ನಾರುಗಟ್ಟಿ ಚರ್ಮದ ಚೀಲದಂತಾಗಿದ್ದರೆ ಬೊಟಾಕ್ಸ್‌ಗೂ ಬಗ್ಗುವುದಿಲ್ಲ. ಎರಡು ಸಲ ಕೊಟ್ಟು ಗ್ರಾಫ್ ಬದಲಾಗದಿದ್ದರೆ ಮೂರನೆಯ ಸಲಕ್ಕೆ ದುಡ್ಡು ಕಟ್ಟುವುದರಲ್ಲಿ ಅರ್ಥವಿಲ್ಲ.

ಇನ್ನೂ ಡಯಾಪರಿನಲ್ಲಿರುವ ಕೂಸು, ಕ್ಯಾಥೆಟರ್ ಹಾಕಲಾಗುತ್ತಿಲ್ಲ, ಜ್ವರ ಮೇಲಿಂದ ಮೇಲೆ ಬರುತ್ತಿದೆ ಎಂದರೆ ಹಳೆಯ ವೆಸಿಕೋಸ್ಟಮಿಯೇ ಉತ್ತಮ. ಹೊಕ್ಕುಳಿಗೂ ಕೆಳಗಿನ ಎಲುಬಿಗೂ ನಡುವೆ ಸುಮಾರು 2 ಸೆಂ.ಮೀ. ಗಾಯದಲ್ಲಿ ಮೂತ್ರಕೋಶದ ನೆತ್ತಿಯನ್ನು ಚರ್ಮಕ್ಕೆ ಹೊಲಿಯುವುದು. ಮೂತ್ರ ತಾನಾಗಿ ಡಯಾಪರಿಗೆ ಹರಿಯುತ್ತದೆ. ಇದಕ್ಕೆ ಲ್ಯಾಪ್ರೋಸ್ಕೋಪ್ (ಕೀಹೋಲ್ ಕ್ಯಾಮೆರಾ) ತಂದರೆ ಗಾಯ ಹೆಚ್ಚಾದೀತೇ ವಿನಾ ಕಮ್ಮಿಯಾಗದು. ನೆತ್ತಿ ಬಿಟ್ಟು ಮುಂಭಾಗವನ್ನು ಹೊಲಿದರೆ ಹಿಂಗೋಡೆ ಆ ತೂತಿನಿಂದ ಹೊರಬೀಳುತ್ತದೆ. ಇದು ಮಾಡುವವರ ಕೈತಪ್ಪು. ಕೆಲವು ಕಡೆ, ಹೊಟ್ಟೆಗೆ ಆಹಾರ ಕೊಡಲು ಬಳಸುವ ಗುಂಡಿಯಂಥ ಸಾಧನವನ್ನೇ ಮೂತ್ರಕೋಶಕ್ಕೆ ಇಟ್ಟು, ಬೇಕಾದಾಗ ಮುಚ್ಚಳ ತೆರೆದು ಖಾಲಿ ಮಾಡುವ ಕ್ರಮವೂ ಇದೆ. ತಾತ್ಕಾಲಿಕಕ್ಕೆ ಸರಿ. ಹೊರಗಿನ ವಸ್ತು ಒಳಗಿದ್ದಷ್ಟು ದಿನ ಸುತ್ತ ಸೋರುವುದು, ಕೆಂಪು ಮಾಂಸ ಬೆಳೆಯುವುದು, ಕಲ್ಲು ಕಟ್ಟುವುದು ಇದ್ದೇ ಇದೆ, ತಿಂಗಳುಗಳಿಗೊಮ್ಮೆ ಬದಲಿಸಲೂಬೇಕು.

ಅಪೆಂಡಿಕ್ಸ್ ಎಂಬ ಹೊಸ ದಾರಿ

ಗಾಲಿಕುರ್ಚಿಯಲ್ಲಿ ಕೂತ, ಬೆನ್ನು ಬಾಗಿದ ಹತ್ತು ವರ್ಷದ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅವಳಿಗೆ ತನ್ನ ಮೂತ್ರದ ದಾರಿ ಕಾಣುವುದಿಲ್ಲ, ಕೈಗೆ ಎಟುಕುವುದಿಲ್ಲ. ದಿನಕ್ಕೆ ಐದು ಸಲ ಯಾರಾದರೂ ಅವಳನ್ನು ಮಲಗಿಸಿ, ಬಟ್ಟೆ ಬಿಚ್ಚಿ ಕ್ಯಾಥೆಟರ್ ಹಾಕಬೇಕು. ಇಂಥವರಿಗಾಗಿ ಫ್ರಾನ್ಸಿನ ಪೌಲ್ ಮಿತ್ರೋಫನಾಫ್ 1980ರಲ್ಲಿ ಪ್ರಕಟಿಸಿದ ಉಪಾಯ, ಅಪೆಂಡಿಕ್ಸನ್ನೇ ನಳಿಕೆ ಮಾಡಿ ಹೊಟ್ಟೆಯ ಚರ್ಮದಿಂದ ಮೂತ್ರಕೋಶಕ್ಕೆ ದಾರಿ ತೆರೆಯುವುದು. ಮೂತ್ರದ ದಾರಿಯಲ್ಲಿ ಸ್ಪರ್ಶಜ್ಞಾನ ಸರಿಯಿದ್ದು ನೋವಿಗೆ ಕ್ಯಾಥೆಟರ್ ಹಾಕಲು ಬಿಡದ ಹುಡುಗರಿಗೂ ಇದೇ.

ಇದನ್ನು 1990ರ ದಶಕದಲ್ಲಿ ಲ್ಯಾಪ್ರೋಸ್ಕೋಪ್ ನೆರವಿನಿಂದ, 2004ರ ಹೊತ್ತಿಗೆ ರೋಬೋಟ್‌ನಿಂದ ಮಾಡಿದ್ದು ವರದಿಯಾಯಿತು. ಕ್ರಮ ಹೀಗೆ. ಹೊಕ್ಕುಳ ಬಳಿ ಕ್ಯಾಮೆರಾ, ಅಕ್ಕಪಕ್ಕ ಎರಡು ಮೂರು ಪೋರ್ಟ್ (ಉಪಕರಣ ತೂರಿಸುವ ಸಣ್ಣ ತೂತು), ಒಳಗೆ 8–12 ಮಿ.ಮೀ. ಪಾದರಸದ ಒತ್ತಡದಲ್ಲಿ ಗ್ಯಾಸ್. ಅಪೆಂಡಿಕ್ಸನ್ನು ಕರುಳಿಂದ ಬೇರ್ಪಡಿಸುತ್ತಾರೆ, ಅದಕ್ಕೆ ರಕ್ತ ತರುವ ಮಡಿಕೆಯನ್ನು ಮಾತ್ರ ಮುಟ್ಟುವಂತಿಲ್ಲ. ಆ ಮಡಿಕೆ ತಿರುಚಿದರೂ ಎಳೆದರೂ ವಾರದೊಳಗೆ ನಳಿಕೆ ಕಪ್ಪಾಗುತ್ತದೆ. ತುದಿ ಕತ್ತರಿಸಿ 8 ಅಥವಾ 10 ಫ್ರೆಂಚ್ ಕ್ಯಾಥೆಟರ್ ಸಲೀಸಾಗಿ ಹಾಯುತ್ತದೆಯೇ ನೋಡುತ್ತಾರೆ. ಮೂತ್ರಕೋಶಕ್ಕೆ ಸಲೈನ್ ತುಂಬಿ, ಅದರ ಸ್ನಾಯುವನ್ನು ಸುಮಾರು 4 ಸೆಂ.ಮೀ. ಉದ್ದಕ್ಕೆ, ಒಳಪೊರೆ ನೀಲಿಯಾಗಿ ಉಬ್ಬುವವರೆಗೆ ಮಾತ್ರ ಸೀಳುತ್ತಾರೆ. ಕೆಳತುದಿಯಲ್ಲಿ ಒಳಪೊರೆಗೆ ಸಣ್ಣ ಕಿಂಡಿ. ಅಪೆಂಡಿಕ್ಸಿನ ತುದಿಯನ್ನು ಅಲ್ಲಿಗೆ ಕರಗುವ ಸಣ್ಣ ದಾರದಲ್ಲಿ ಹೊಲಿದು, ಸೀಳಿದ ಸ್ನಾಯುವನ್ನು ಅದರ ಮೇಲೆ ಕಂಬಳಿಯಂತೆ ಹೊದಿಸುತ್ತಾರೆ.

ಇಡೀ ಆಪರೇಷನ್ನಿನ ಜೀವ ಆ 4 ಸೆಂ.ಮೀ. ಸುರಂಗದಲ್ಲಿದೆ. ಮೂತ್ರಕೋಶ ತುಂಬಿದಂತೆ ಅದು ಅಪೆಂಡಿಕ್ಸನ್ನು ಒತ್ತಿ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಳವೂ ಬೇಡ, ಚೀಲವೂ ಬೇಡ. ಅದರ ಉದ್ದ ಕಮ್ಮಿಯಾಯಿತೋ, ಹೊಕ್ಕುಳಲ್ಲಿ ಸೋರಿಕೆ. ಬಿಗಿಯಾಯಿತೋ, ಕ್ಯಾಥೆಟರ್ ಹೋಗದು. ಸ್ಕ್ರೀನ್ ಮೇಲೆ ನೋಡುತ್ತಾ ಈ ಸುರಂಗ ಹೊಲಿಯುವುದು ಕಡು ಕಷ್ಟದ ಕೆಲಸ, ರೋಬೋಟಿನ ಮಣಿಕಟ್ಟು ನಿಜವಾಗಿ ನೆರವಾಗುವುದೂ ಇಲ್ಲೇ.

ಕರುಳಿನ ಕಡೆಯ ಅಗಲ ತುದಿಯನ್ನು ಹೊಕ್ಕುಳಿಗೋ ಬಲಗಡೆ ಕಿಬ್ಬೊಟ್ಟೆಗೋ ತಂದು, ಚರ್ಮದ ವಿ ಆಕಾರದ ತುಂಡನ್ನು ಒಳಗೆ ಮಡಚಿ ಹೊಲಿಯುತ್ತಾರೆ. ಮೂತ್ರಕೋಶವನ್ನೂ ಹೊಟ್ಟೆಯ ಗೋಡೆಗೆ ಬಿಗಿಯುವುದನ್ನು ಮರೆತರೆ ನಳಿಕೆ ಒಳಗೆ ಬಳುಕಿ ಸೊಟ್ಟಗಾಗುತ್ತದೆ. ಹಾಕಿದ ಕ್ಯಾಥೆಟರ್ ಮೂರು ನಾಲ್ಕು ವಾರ ಒಳಗೇ. ಕಿತ್ತುಹೋಗದಂತೆ ಎರಡು ಕಡೆ ಟೇಪ್ ಹಾಕಿ; ಹತ್ತನೇ ದಿನ ಆಟದಲ್ಲಿ ಕಿತ್ತುಬಂದರೆ ಮನೆಯಲ್ಲಿ ಮತ್ತೆ ತೂರಿಸುವ ಸಾಹಸ ಬೇಡ.

ಸ್ಪೈನಾ ಬೈಫಿಡಾ ಮಕ್ಕಳಲ್ಲಿ ಎರಡು ಎಚ್ಚರಿಕೆ. ಇವರಲ್ಲಿ ಲೇಟೆಕ್ಸ್ (ರಬ್ಬರ್) ಅಲರ್ಜಿ ಬಹಳ, ಆದ್ದರಿಂದ ಗ್ಲೋವ್ಸ್‌ನಿಂದ ಕ್ಯಾಥೆಟರ್‌ವರೆಗೆ ಎಲ್ಲವೂ ಲೇಟೆಕ್ಸ್ ಇಲ್ಲದ್ದೇ ಆಗಬೇಕು, ಸಿಲಿಕೋನ್ ಅಥವಾ ಪಿ.ವಿ.ಸಿ. ಮತ್ತೆ ಹಲವರಿಗೆ ತಲೆಯ ನೀರು ಹೊಟ್ಟೆಗೆ ಇಳಿಸುವ ಶಂಟ್ ಇರುತ್ತದೆ. ಹೊಟ್ಟೆಯಲ್ಲಿ ಮೂತ್ರವೋ ಕರುಳಿನದೋ ಚೆಲ್ಲಿದರೆ ಶಂಟಿಗೆ ಸೋಂಕು ಹತ್ತಬಹುದು. ಪೋರ್ಟ್ ಹಾಕುವ ಮೊದಲು ಶಂಟ್ ಯಾವ ಬದಿಯಲ್ಲಿದೆ ಎಂದು ಎಕ್ಸ್‌ರೇಯಲ್ಲಿ ನೋಡಿಕೊಳ್ಳಲೇಬೇಕು.

ಆಮೇಲಿನ ತೊಂದರೆಗಳಲ್ಲಿ ಮೊದಲ ಸ್ಥಾನ ಚರ್ಮದ ಬಾಯಿ ಕಿರಿದಾಗುವುದಕ್ಕೆ. ಬೇರೆ ಬೇರೆ ಕೇಂದ್ರಗಳ ವರದಿಗಳಲ್ಲಿ ಶೇ. 10ರಿಂದ 30ರವರೆಗೂ ಇದೆ. ತೆರೆದ ಆಪರೇಷನ್ನಿನಲ್ಲೂ ಕೀಹೋಲಿನಲ್ಲೂ ಇದು ಹಾಗೇ, ಏಕೆಂದರೆ ಆ ಕೊನೆಯ ಹೊಲಿಗೆ ಎರಡರಲ್ಲೂ ಹೊರಗೇ, ಒಂದೇ ರೀತಿ.

ರೋಬೋಟ್ ಎಷ್ಟು ಕೊಡುತ್ತದೆ

ನೋವು ಕಮ್ಮಿ, ಗಾಯ ಚಿಕ್ಕದು, ಆಸ್ಪತ್ರೆಯಲ್ಲಿ ಒಂದೆರಡು ದಿನ ಕಮ್ಮಿ. ಹೊಟ್ಟೆಯೊಳಗೆ ಅಂಟುಗಳೂ ಕಮ್ಮಿಯಾಗಬಹುದು, ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದಾದ ಮಗುವಿಗೆ ಅದು ಲಾಭವೇ. ಬೆಲೆ ತೆರುವುದು ಸಮಯದಲ್ಲಿ. ಮೂತ್ರಕೋಶಕ್ಕೆ ಸಣ್ಣ ಕರುಳಿನ ತೇಪೆ ಹಾಕಿ ದೊಡ್ಡದು ಮಾಡುವ ಆಪರೇಷನ್ನನ್ನು ಇಡಿಯಾಗಿ ರೋಬೋಟಿನಲ್ಲಿ ಮೊದಲು ಮಾಡಿದ್ದು 2008ರಲ್ಲಿ, ಚಿಕಾಗೊ ವಿಶ್ವವಿದ್ಯಾಲಯದ ಮೋಹನ್ ಗುಂಡೇಟಿಯವರ ತಂಡ. ಅದೇ ತಂಡ 2015ರಲ್ಲಿ ಕೊಟ್ಟ ಹೋಲಿಕೆಯಲ್ಲಿ ರೋಬೋಟಿಗೆ ಸುಮಾರು 10 ಗಂಟೆ, ತೆರೆದ ಆಪರೇಷನ್ನಿಗೆ 5 ಗಂಟೆಗೂ ಕಮ್ಮಿ; ಆಸ್ಪತ್ರೆ ವಾಸ 6 ದಿನ ಮತ್ತು 8 ದಿನ. ನುರಿತ ತಂಡದ ಲೆಕ್ಕವೇ ಇದು.

ಪುಟ್ಟ ಮಕ್ಕಳಲ್ಲಿ ಜಾಗದ ತಾಪತ್ರಯವೂ ಇದೆ. ರೋಬೋಟಿನ ಮಾಮೂಲಿ ಉಪಕರಣ 8 ಮಿ.ಮೀ. ದಪ್ಪ, ತೋಳುಗಳು ಒಂದಕ್ಕೊಂದು ತಾಗದಿರಲು ನಡುವೆ ಅಂತರ ಬೇಕು. 12 ಕೆ.ಜಿ. ಮಗುವಿನ ಹೊಟ್ಟೆಯಲ್ಲಿ, ಅದೂ ಬೆನ್ನು ಬಾಗಿ ಪಕ್ಕೆಲುಬು ಸೊಂಟಕ್ಕೆ ತಾಗುತ್ತಿದ್ದರೆ, ಆ ಜಾಗ ಎಲ್ಲಿ? ಅಂಥವರಿಗೆ ಕೆಳಹೊಟ್ಟೆಯ 5–6 ಸೆಂ.ಮೀ. ಅಡ್ಡಗಾಯವೇ ಕಡಿಮೆ ಪೆಟ್ಟಿನ ದಾರಿ.

ಹೊಸ ದಾರಿ ಮಾಡಿದ ಮಾತ್ರಕ್ಕೆ ಒತ್ತಡ ಇಳಿಯುವುದಿಲ್ಲ. ಔಷಧ, ಬೊಟಾಕ್ಸ್ ಎರಡಕ್ಕೂ ಬಗ್ಗದ ಮೂತ್ರಕೋಶಕ್ಕೆ 20–25 ಸೆಂ.ಮೀ. ಸಣ್ಣ ಕರುಳನ್ನು ಸೀಳಿ ಹಾಳೆ ಮಾಡಿ ಹೊಲಿಯಲೇಬೇಕು. ಕರುಳು ಎಲ್ಲಿದ್ದರೂ ಲೋಳೆ ಸುರಿಸುತ್ತದೆ. ನಿತ್ಯ ಸಲೈನ್ ಹಾಕಿ ತೊಳೆಯದಿದ್ದರೆ ಅದೇ ಕಲ್ಲಾಗುತ್ತದೆ. ರಕ್ತದಲ್ಲಿ ಆಮ್ಲ ಏರುತ್ತದೆ, ವರ್ಷಗಳ ಮೇಲೆ ಬಿ12 ಇಳಿಯುತ್ತದೆ. ತೂತು ಎಷ್ಟೇ ಸಣ್ಣದಿರಲಿ, ಇದು ದೊಡ್ಡ ಆಪರೇಷನ್.

ಊರಿಗೆ ಮರಳಿದ ಮೇಲೆ

ದಿನಕ್ಕೆ ಐದರಂತೆ ವರ್ಷಕ್ಕೆ 1,825 ಸಲ ಕ್ಯಾಥೆಟರ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆ ಇರುವುದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ತಿಂಗಳು ತಿಂಗಳು ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ನಳಿಕೆ, ಜೆಲ್ಲಿ ಮನೆಯವರ ತಲೆಗೆ. ಅದಕ್ಕೇ ಹೆಚ್ಚಿನವರು ಸೋಪುನೀರಿನಲ್ಲಿ ಒಳಹೊರಗೆ ತೊಳೆದು, ನೀರು ಹಾಯಿಸಿ, ಪೂರ್ತಿ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಮರುಬಳಸುತ್ತಾರೆ. ಒದ್ದೆಯಾಗಿ ಡಬ್ಬಿಗೆ ಹಾಕುವುದೊಂದೇ ಇಲ್ಲಿ ದೊಡ್ಡ ತಪ್ಪು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಬೆನ್ನುಹುರಿ ಕೊಳವೆಯ ದೋಷ ಇದೆ, ಅಂಗನವಾಡಿ ಮತ್ತು ಶಾಲೆಗೆ ಬರುವ ತಂಡ ಮಗುವನ್ನು ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸಬಹುದು. ಆದರೆ ಸ್ಪೈನಾ ಬೈಫಿಡಾದ ಬೆನ್ನಿನ ಗಂಟಿಗೆ ಆಪರೇಷನ್ ಆಗಿ ಮನೆಗೆ ಬಂದ ಕೂಸಿಗೆ ಮೂತ್ರಕೋಶದ ತಪಾಸಣೆ ಆಗಿದೆಯೇ ಎಂದು ಕೇಳುವುದು ಬಿಟ್ಟುಹೋಗುವ ಕೊಂಡಿ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ರಕ್ತದೊತ್ತಡ ನೋಡುವುದು ತಾಲ್ಲೂಕಿನಲ್ಲೇ ಆಗುವ ಕೆಲಸ. ಶಾಲೆಯಲ್ಲಿ ಬೇಕಾದದ್ದು ಚಿಲಕವಿರುವ ಒಂದು ಶೌಚಾಲಯ, ನಲ್ಲಿ, ಚೀಲ ನೇತುಹಾಕಲು ಒಂದು ಮೊಳೆ. ಇವಿಲ್ಲದ ಕಡೆ ಮಗು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಮಧ್ಯಾಹ್ನದ ಕ್ಯಾಥೆಟರ್ ತಪ್ಪಿಸುತ್ತದೆ.

ಹೊಟ್ಟೆಯ ದಾರಿಯಿಂದ ಕ್ಯಾಥೆಟರ್ ಹೋಗದ ರಾತ್ರಿ ಬಂದೇ ಬರುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಜೆಲ್ಲಿ ಧಾರಾಳ ಹಚ್ಚಿ, ಒಂದು ಅಳತೆ ಸಣ್ಣ ನಳಿಕೆಯಿಂದ ನೋಡಿ. ಬಲವಂತ ಬೇಡ, ರಕ್ತ ಕಂಡರೆ ನಿಲ್ಲಿಸಿ. ಮೂತ್ರದ ದಾರಿ ತೆರೆದಿದ್ದರೆ ಅಲ್ಲಿಂದ ಖಾಲಿ ಮಾಡಿ ಬೆಳಗ್ಗೆ ಆಸ್ಪತ್ರೆಗೆ ಹೋಗಬಹುದು. ಮೂತ್ರಕೋಶದ ಬಾಯಿಯನ್ನು ಆಪರೇಷನ್ನಿನಲ್ಲಿ ಮುಚ್ಚಿದ್ದರೆ ಬೆಳಗಿನವರೆಗೆ ಕಾಯುವಂತಿಲ್ಲ. ಕರುಳಿನ ತೇಪೆ ಇರುವ ಮಗುವಿಗೆ ಹೊಟ್ಟೆ ಉಬ್ಬಿ, ವಾಂತಿ, ಜ್ವರ ಬಂದರೆ ತೇಪೆ ಒಡೆದಿರಬಹುದು ಎಂದೇ ಮೊದಲು ಶಂಕಿಸಬೇಕು. ಸ್ಪರ್ಶಜ್ಞಾನ ಕಮ್ಮಿಯಿರುವ ಇವರಲ್ಲಿ ನೋವು ಅಷ್ಟಾಗಿ ಕಾಣಿಸದು. ಹತ್ತಿರದ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಇದು ಹೊಸದಿರಬಹುದು. ಯಾವ ಆಪರೇಷನ್, ಎಷ್ಟು ಫ್ರೆಂಚ್ ಕ್ಯಾಥೆಟರ್, ಮೂತ್ರದ ದಾರಿ ತೆರೆದಿದೆಯೇ, ಶಂಟ್ ಯಾವ ಬದಿಗೆ, ಲೇಟೆಕ್ಸ್ ಆಗದು ಎಂದು ಒಂದು ಚೀಟಿಯಲ್ಲಿ ಬರೆದು ಕ್ಯಾಥೆಟರ್ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ.